ಕೋಶವೂ ಬೇಕು, ದೇಶವೂ ಬೇಕು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಲೋಕಾನುಭವಕ್ಕೆ ಇವೆರಡರಲ್ಲಿ ಒಂದು ಸಾಕಾಗಬಹುದು. ಆದರೆ ಪರಭಾಷೆಯೊಂದನ್ನು ಕಲಿಯಹೊರಟವರಿಗೆ ಈ ‘ಇಲ್ಲವೇ’ ಎಂಬುದೇ ದೊಡ್ಡ ತೊಡಕು.

ಕನ್ನಡ ಕಲಿಯಲೆಂದು ಬರುವ ಹೊರನಾಡಿನವರನ್ನೇ ನೋಡಬಹುದು. ಅವರಲ್ಲಿ ಒಂದು ವರ್ಗ ಬಾಲಬೋಧೆಗೆ ಅಂಟಿಕೊಂಡಿರುತ್ತದೆ. ಮೂವತ್ತು ಪಾಠಗಳ ಪುಸ್ತಕವೊಂದು ಮುಗಿದರೆ ಮತ್ತೊಂದನ್ನು ಕೊಳ್ಳುವುದು, ವಿಭಕ್ತಿಗಳನ್ನು ಮತ್ತೆ ಮೊದಲಿನಿಂದ ಬಾಯಿಪಾಠ ಮಾಡುವುದು. ಅಂಗಡಿಯವನ ಮುಂದೆ ನಿಂತಾಗ ಮಾತ್ರ ನಾಲಗೆ ಏಳದು. ಇನ್ನೊಂದು ವರ್ಗಕ್ಕೆ ವ್ಯಾಕರಣವೆಂದರೆ ತಾತ್ಸಾರ. ಮೊದಲ ವಾರದಲ್ಲೇ ವೃತ್ತಪತ್ರಿಕೆಯನ್ನೂ ಚಲನಚಿತ್ರವನ್ನೂ ಹಿಡಿದು, ಒಂದು ತಿಂಗಳಲ್ಲಿ ಬೇಸತ್ತು ಕೈಬಿಡುತ್ತಾರೆ. ಹಾದಿ ಬೇರೆಯಾದರೂ ಇಬ್ಬರೂ ಭಾಷೆಯ ಹೊಸ್ತಿಲಲ್ಲೇ ಉಳಿಯುತ್ತಾರೆ.

ಮೊದಲನೆಯವರ ಕಷ್ಟಕ್ಕೆ ಕನ್ನಡದ ಸ್ವಭಾವವೂ ಒಂದು ಕಾರಣ. ಬರಹದ ಕನ್ನಡಕ್ಕೂ ಆಡುಗನ್ನಡಕ್ಕೂ ಸಾಕಷ್ಟು ಅಂತರವಿದೆ. ‘ಅವನು ಮನೆಯಲ್ಲಿ ಇದ್ದಾನೆ’ ಎಂದು ಪುಸ್ತಕ ಕಲಿಸುತ್ತದೆ. ಬೆಂಗಳೂರಿನ ಬೀದಿಯಲ್ಲಿ ಕೇಳಿಬರುವುದು ‘ಮನೇಲಿದಾನೆ’. ಧಾರವಾಡದಲ್ಲಿ ‘ಮನ್ಯಾಗ ಅದಾನ’. ಮೂರೂ ಶುದ್ಧ ಕನ್ನಡವೇ. ಮೊದಲನೆಯದನ್ನಷ್ಟೇ ಬಲ್ಲವನಿಗೆ ಉಳಿದೆರಡು ಅನ್ಯಭಾಷೆಗಳಂತೆಯೇ ಕೇಳಿಸುತ್ತವೆ. ಆದರೆ ಮೊದಲನೆಯದನ್ನು ತಿಳಿದವನು ಉಳಿದೆರಡನ್ನು ಬೇಗ ಬಿಡಿಸಿಕೊಳ್ಳಬಲ್ಲನೆಂಬುದೂ ನಿಜ. ವ್ಯಾಕರಣದ ಪ್ರಯೋಜನ ಇಲ್ಲಿಯೇ.

ಎರಡನೆಯವರ ಸೋಲಿಗೆ ವಿದ್ವಾಂಸರ ವಿವರಣೆಯಿದೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದವರಿಗೆ ಕಥಾಭಾಗವೊಂದನ್ನು ಓದಿಸಿ ಪರೀಕ್ಷಿಸಿದ ಅಧ್ಯಯನವೊಂದನ್ನು ಹು ಮತ್ತು ಪಾಲ್ ನೇಷನ್ 2000ದಲ್ಲಿ ಪ್ರಕಟಿಸಿದರು. ಐದು ಪದಗಳಿಗೊಂದು ಅಪರಿಚಿತವಾದಾಗ ಯಾರಿಗೂ ಕಥೆ ಸಮರ್ಪಕವಾಗಿ ಅರ್ಥವಾಗಲಿಲ್ಲ. ಹೊರಗಿನ ನೆರವಿಲ್ಲದೆ ಸುಖವಾಗಿ ಓದಬೇಕಾದರೆ ನೂರಕ್ಕೆ 98ರಷ್ಟು ಪದಗಳು ತಿಳಿದಿರಬೇಕೆಂದು ಅವರು ಅಂದಾಜು ಮಾಡಿದರು. ಎಂದರೆ ಐವತ್ತು ಪದಗಳಲ್ಲಿ ಒಂದು ಮಾತ್ರ ಹೊಸದು. ಪ್ರತ್ಯಯಗಳು ಪದಕ್ಕೆ ಬೆಸೆದುಕೊಳ್ಳುವ ಕನ್ನಡಕ್ಕೆ ಈ ಲೆಕ್ಕ ಹಾಗೆಯೇ ಒಪ್ಪಲಾರದು. ಆದರೂ ಅದರ ಇಂಗಿತ ಸ್ಪಷ್ಟ. ಅಡಿಪಾಯವಿಲ್ಲದೆ ಪ್ರೌಢಗ್ರಂಥಕ್ಕೆ ಕೈಹಾಕಿದವನಿಗೆ ದೊರೆಯುವುದು ಭಾಷೆಯಲ್ಲ, ಬರಿಯ ಗದ್ದಲ.

ಎರಡನ್ನೂ ಕೂಡಿಸಿ ನಡೆದವರ ಉದಾಹರಣೆ ನಮ್ಮಲ್ಲಿಯೇ ಇದೆ. ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. ಶಾಸ್ತ್ರಗ್ರಂಥಗಳಲ್ಲಿ ಇಷ್ಟು ಮುಳುಗಿದವರು ಜನರ ಮಾತಿಗೆ ಕಿವಿ ಮುಚ್ಚಿಕೊಳ್ಳಲಿಲ್ಲ. 1894ರಲ್ಲಿ ಹೊರಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಹಳಗನ್ನಡ ಕಾವ್ಯದ ಪದಗಳ ಮಗ್ಗುಲಲ್ಲೇ ಆಡುಮಾತಿನ ಪದಗಳೂ ಗಾದೆಗಳೂ ಕುಳಿತಿವೆ. ಕೋಶ ಬರೆದವರೂ ದೇಶ ಸುತ್ತಬೇಕಾಯಿತು.

ಸಾಮಾನ್ಯ ಕಲಿಕೆಯವರಿಗೆ ಬೇಕಾದುದು ಒಂದು ಹದ. ದಿನಕ್ಕೆ ಒಂದು ಗಂಟೆಯ ಬಿಡುವಿದ್ದರೆ ಆರಂಭದಲ್ಲಿ ಮುಕ್ಕಾಲು ಗಂಟೆ ಪಾಠಪುಸ್ತಕಕ್ಕಿರಲಿ. ಆದರೆ ಉಳಿದ ಕಾಲು ಗಂಟೆಯನ್ನು ಮೊದಲ ದಿನದಿಂದಲೇ ನಿಜವಾದ ಕನ್ನಡಕ್ಕೆ ಮೀಸಲಿಡಬೇಕು. ಬಸ್ಸಿನ ಫಲಕ, ಶಿಶುಗೀತೆ, ಚಿತ್ರಕಥೆ ಇವುಗಳಿಂದ ತೊಡಗಬಹುದು. ಗ್ರಾಂಥಿಕ ಭಾಷೆಗೆ ಆಕಾಶವಾಣಿಯ ವಾರ್ತೆ ಒಳ್ಳೆಯ ಸಂಗಾತಿ; ಆಡುಮಾತಿಗೆ ನಾಟಕ, ಚಲನಚಿತ್ರಗಳ ಸಂಭಾಷಣೆ. ಕ್ರಿಯಾಪದದ ಮೂರು ಕಾಲಗಳೂ ಮುಖ್ಯ ವಿಭಕ್ತಿಗಳೂ ಕೈಗೆ ಬಂದ ಮೇಲೆ ಸಮಯವನ್ನು ಸಮಪಾಲು ಮಾಡಬೇಕು. ಮಕ್ಕಳ ಕಥೆಯ ಪುಟವೊಂದನ್ನು ಎರಡು ಮೂರು ಕಡೆ ಮಾತ್ರ ತಡೆದು ಓದುವಂತಾದ ದಿನ ಬಾಲಬೋಧೆ ತನ್ನ ಕೆಲಸ ಮುಗಿಸಿತೆಂದೇ ಅರ್ಥ. ಆಮೇಲೆ ಅದು ಸಂದೇಹ ಬಂದಾಗ ತೆರೆಯುವ ಕೈಪಿಡಿಯಾಗಿರಲಿ.

ಇಷ್ಟಾದರೂ ಕಲಿಯುವವನ ಶ್ರಮವೊಂದೇ ಸಾಲದು. ನೆರೆಮನೆಗೆ ಬಂದ ಹೊರನಾಡಿನ ಗೃಹಿಣಿ ತಡವರಿಸುತ್ತ ಒಂದು ಕನ್ನಡ ವಾಕ್ಯವನ್ನು ಜೋಡಿಸಿದಾಗ, ಉತ್ತರ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡಿಗರಿಗೆ ಇದು ಸೌಜನ್ಯವೆಂದೇ ತೋರುತ್ತದೆ. ಆದರೆ ಆಕೆಯ ಪಾಠ ಅಲ್ಲಿಗೇ ನಿಲ್ಲುತ್ತದೆ; ಎರಡು ಮೂರು ಸಲ ಹೀಗಾದರೆ ಆಕೆ ಮತ್ತೆ ಪ್ರಯತ್ನಿಸುವುದೂ ಇಲ್ಲ. ಹತ್ತು ವರ್ಷ ಒಂದೇ ಬೀದಿಯಲ್ಲಿದ್ದೂ ಭಾಷೆ ಬಾರದೆ ಉಳಿದವರಲ್ಲಿ ಎಷ್ಟೋ ಮಂದಿಯ ಕಥೆ ಇದೇ. ತುಸು ನಿಧಾನವಾಗಿ, ನಗದೆ, ಕನ್ನಡದಲ್ಲಿಯೇ ಮರುನುಡಿದರೆ ಯಾವ ಪುಸ್ತಕವೂ ಕೊಡಲಾರದ ಪಾಠ ಆಕೆಗೆ ದೊರೆಯುತ್ತದೆ. ಕೋಶವನ್ನು ಅಂಗಡಿಯಲ್ಲಿ ಕೊಳ್ಳಬಹುದು. ದೇಶವನ್ನು ಅಲ್ಲಿಯ ಜನರೇ ಕೊಡಬೇಕು.