ಭಜನೆಯ ಮನೆಗೆ ಬಂದ ಕೀಬೋರ್ಡು

ಕಾರ್ತಿಕ ಸೋಮವಾರದ ಪೂಜೆ ಮುಗಿಸಿ ನಾವು ಕುಳಿತಿದ್ದಾಗ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯಿಂದ ಭಜನಾ ಮಂಡಳಿಯ ಏಳೆಂಟು ಮಂದಿ ಸದ್ಭಕ್ತರು ಬಂದರು. ರೇಷ್ಮೆಗೂಡು ಮಾರಿದ ಹಣದಲ್ಲಿ ಮನೆಗಿಷ್ಟು ಎಂದು ಚಂದಾ ಎತ್ತಿ ಒಂದು ಎಲೆಕ್ಟ್ರಾನಿಕ್ ಕೀಬೋರ್ಡು ಕೊಂಡಿದ್ದರು. ಅದನ್ನು ಗದ್ದುಗೆಯ ಮುಂದಿಟ್ಟು, ವಿಭೂತಿ ಹಚ್ಚಿಸಿಕೊಂಡು ಹೋಗಬೇಕೆಂಬುದು ಅವರ ಆಸೆ. ಪ್ರತಿವರ್ಷ ಅವರೊಡನೆ ಬರುತ್ತಿದ್ದ ಹಾರ್ಮೋನಿಯಂ ಮೇಷ್ಟರು ಮಾತ್ರ ಗುಂಪಿನಲ್ಲಿ ಕಾಣಲಿಲ್ಲ.

"ಮೇಷ್ಟರೆಲ್ಲಪ್ಪ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿರಿಯರೊಬ್ಬರು, "ಬುದ್ಧೀ, ಅವರ ಪೆಟ್ಟಿಗೆಗೂ ಇದಕ್ಕೂ ಶ್ರುತಿ ಕೂಡೋದಿಲ್ಲ. ಪೆಟ್ಟಿಗೆ ಅಪಶ್ರುತಿ ಅಂತ ಹುಡುಗರು ಅಂದ್ಬಿಟ್ಟರು. ಮೇಷ್ಟರು ಅದನ್ನ ಅಟ್ಟಕ್ಕೆ ಹಾಕಿ ಭಜನೆಗೆ ಬರೋದನ್ನೇ ಬಿಟ್ಟರು" ಎಂದರು. ವಾದ್ಯ ನುಡಿಸುವ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಕೆಟ್ಟ ಹುಡುಗನಲ್ಲ, ಕೇಳಿಸಿದ್ದನ್ನು ಕೇಳಿಸಿದಂತೆ ಹೇಳಿದ್ದ, ಅಷ್ಟೆ.

ಆ ದಿನ ನಾವು ವಾದ್ಯಕ್ಕೆ ವಿಭೂತಿ ಹಚ್ಚಲಿಲ್ಲ. "ಬರುವ ಸೋಮವಾರ ಮೇಷ್ಟರನ್ನೂ ಅವರ ಪೆಟ್ಟಿಗೆಯನ್ನೂ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ಇದು ಇಲ್ಲೇ ಇರಲಿ" ಎಂದು ಹೇಳಿ ಕಳುಹಿಸಿದೆವು. ಪಾಠಶಾಲೆಯ ದಿನಗಳಲ್ಲಿ ನಾವೂ ಹಾರ್ಮೋನಿಯಂ ಮೇಲೆ ಬೆರಳಾಡಿಸಿದವರೇ. ಈ ಹೊಸ ವಾದ್ಯದ ಗುಟ್ಟು ಮಾತ್ರ ತಿಳಿದಿರಲಿಲ್ಲ. ಸಂಗೀತ ಬಲ್ಲ ಒಬ್ಬ ಉಪಾಧ್ಯಾಯರನ್ನು ಕೂರಿಸಿಕೊಂಡು ಆ ವಾರವೆಲ್ಲ ಸಂಜೆ ಅದನ್ನೇ ನೋಡಿದೆವು. ತಿಳಿದದ್ದನ್ನು ಹೇಳಿದರೆ ಬೇರೆ ಊರಿನ ಮಂಡಳಿಗಳಿಗೂ ಅನುಕೂಲವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹಿರಿಯರಿಗೆ ಒಂದು ಮಾತು. ಪರದೇಶದ ಯಂತ್ರ ದೇವರ ಮುಂದೆ ಏಕೆ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಇಂದು ನಾವು ನಮ್ಮದೆಂದು ಅಪ್ಪಿಕೊಂಡಿರುವ ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡ್ರ್ ದೆಬೇನ್ ಎಂಬಾತ 1842ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿ ಒತ್ತುತ್ತ ನುಡಿಸುವಂತೆ ಅದನ್ನು ಮಾರ್ಪಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು; ಅದು 1875ರ ಸುಮಾರು. ಆಮೇಲೂ ಅದಕ್ಕೆ ಸುಲಭದಲ್ಲಿ ಮರ್ಯಾದೆ ಸಿಗಲಿಲ್ಲ. ಗಮಕ ಬಾರದು, ಶ್ರುತಿ ಶುದ್ಧವಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟು ವರ್ಷ ರೇಡಿಯೋದಲ್ಲಿ ಬಾಗಿಲು ಮುಚ್ಚಿದ್ದರೂ ನಮ್ಮ ಮಠಗಳಲ್ಲಿ, ನಾಟಕದ ಕಂಪನಿಗಳಲ್ಲಿ, ಕುರುಕ್ಷೇತ್ರ ನಾಟಕ ಕಲಿಸುವ ಹಳ್ಳಿ ಹಳ್ಳಿಯ ಚಾವಡಿಗಳಲ್ಲಿ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ ಎಷ್ಟು ಅಂಧ ಮಕ್ಕಳಿಗೆ ಸ್ವರಜ್ಞಾನ ಕೊಟ್ಟರೆಂಬುದು ನಾಡಿಗೇ ತಿಳಿದ ಸಂಗತಿ. ಮನೆಗಳನ್ನು ಕಣ್ಣಿಲ್ಲದೆಯೂ ಗುರುತಿಸಬಹುದು: ಕಪ್ಪು ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಬೆರಳಿಗೆ ತಾವೇ ಹೇಳುತ್ತವೆ. ಕೀಬೋರ್ಡಿನಲ್ಲೂ ಇದೇ ಜೋಡಣೆ.

ಮೈಸೂರಿನ ವೀಣೆ ಶೇಷಣ್ಣನವರಿಗೆ ಪಿಯಾನೋ ನುಡಿಸಲೂ ಬರುತ್ತಿತ್ತು. ಇನ್ನು ನಮ್ಮ ಚನ್ನಪಟ್ಟಣವನ್ನೇ ನೋಡಿ. ಈಗ ಎಲ್ಲರ ಬಾಯಲ್ಲೂ ಅರಗಿನ ಬಣ್ಣದ ಬೊಂಬೆ. ಆದರೆ 1800ರಲ್ಲಿ ಈ ದಾರಿಯಲ್ಲಿ ಬಂದ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿ, ಇಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿ ದೂರ ದೂರದ ಸೀಮೆಗಳಿಗೆ ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಎಲ್ಲೆಲ್ಲಿಯ ವೀಣೆಗಳಲ್ಲೋ ನಮ್ಮ ಊರಿನ ತಂತಿ ನುಡಿದಿದೆ. ಅಂಥ ಸೀಮೆಯವರು ವಾದ್ಯ ಯಾವ ದೇಶದ್ದೆಂದು ಅಂಜಬೇಕಾಗಿಲ್ಲ. ಅದು ಹಾಡುವವನ ಮಾತು ಕೇಳುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಹಾರ್ಮೋನಿಯಂನಲ್ಲಿ ಗಾಳಿ ಹಿತ್ತಾಳೆಯ ರೀಡನ್ನು ನಡುಗಿಸಿ ದನಿ ಹುಟ್ಟಿಸುತ್ತದೆ. ಕೀಬೋರ್ಡಿನಲ್ಲಿ ಗಾಳಿಯೂ ಇಲ್ಲ, ರೀಡೂ ಇಲ್ಲ. ಕೊಳಲು, ಪಿಟೀಲು, ಹಾರ್ಮೋನಿಯಂಗಳ ದನಿಯನ್ನು ಮೊದಲೇ ಮುದ್ರಿಸಿ ಅಂಕಿಗಳಾಗಿ ಒಂದು ಚೂರಿನಷ್ಟು ಚಿಪ್ಪಿನಲ್ಲಿ ತುಂಬಿರುತ್ತಾರೆ. ಮನೆ ಒತ್ತಿದಾಗ ಅದು ಸ್ಪೀಕರಿನಲ್ಲಿ ಬರುತ್ತದೆ. ಒಳ್ಳೆಯ ಮಾದರಿಗಳಲ್ಲಿ ಮನೆಯ ಅಡಿ ಎರಡು ಸ್ಪರ್ಶಬಿಂದುಗಳಿದ್ದು, ಒಂದರಿಂದ ಇನ್ನೊಂದಕ್ಕೆ ಬೆರಳು ಎಷ್ಟು ಬೇಗ ಇಳಿಯಿತೆಂದು ಅಳೆದು ದನಿಯನ್ನು ಮೆಲ್ಲಗೆ ಅಥವಾ ಜೋರಾಗಿ ಮಾಡುತ್ತದೆ. ಮೃದುವಾಗಿ ಒತ್ತಿದರೆ ಮೃದು. ಸಾಮಾನ್ಯವಾಗಿ 61 ಮನೆ ಇರುತ್ತವೆ. ಬಿಳಿ 36, ಕಪ್ಪು 25. ಭಜನೆಗೆ ಅಷ್ಟು ಧಾರಾಳವಾಗಿ ಸಾಕು. ಮೂರು ಸ್ಥಾಯಿಯ ಪೆಟ್ಟಿಗೆಯಲ್ಲಿ ಇರುವುದೇ 37.

ಹೂಡುವ ಕ್ರಮದಲ್ಲಿ ಎಡವುವವರೇ ಹೆಚ್ಚು. ನಮ್ಮಲ್ಲೇ ಒಮ್ಮೆ ಹೀಗಾಯಿತು. ವಾದ್ಯದ ಅಡಾಪ್ಟರು ಸಿಗಲಿಲ್ಲವೆಂದು ಶಿಷ್ಯನೊಬ್ಬ ಇನ್ನಾವುದೋ ಸಾಧನದ್ದನ್ನು ಚುಚ್ಚಿದ. ಪಿನ್ನು ಸರಿಯಾಗಿ ಕೂತಿತು, ವಾದ್ಯ ಮಾತ್ರ ಶಾಶ್ವತವಾಗಿ ಮೌನವ್ರತ ಹಿಡಿಯಿತು! ಕೆಲವು ವಾದ್ಯಕ್ಕೆ 9 ವೋಲ್ಟು, ಕೆಲವಕ್ಕೆ 12. ಅದಕ್ಕಿಂತ ಮುಖ್ಯವಾಗಿ, ಪಿನ್ನಿನ ನಡುವೆ ಧನವೋ ಋಣವೋ ಎಂಬುದು ಮಾದರಿಯಿಂದ ಮಾದರಿಗೆ ತಿರುವುಮುರುವು ಇರಬಹುದು. ಆದ್ದರಿಂದ ವಾದ್ಯದೊಡನೆ ಬಂದ ಅಡಾಪ್ಟರನ್ನು ಅದರ ಚೀಲದಲ್ಲೇ ಕಟ್ಟಿಡಿ. ದನಿಯ ಗುಂಡಿಯನ್ನು ಸೊನ್ನೆಗೆ ಇಳಿಸಿ ಸ್ವಿಚ್ಚು ಹಾಕಿ, ಇಳಿಸಿಯೇ ತೆಗೆಯಿರಿ. ಶಿವರಾತ್ರಿ ಜಾಗರಣೆಯ ನಡುವೆ ಕರೆಂಟು ಹೋಗುವುದುಂಟು. ಬ್ಯಾಟರಿ ಹಾಕಲು ಜಾಗವಿದ್ದರೆ ಒಂದು ಜೊತೆ ಹೊಸ ಸೆಲ್ಲು ಇಟ್ಟುಕೊಂಡಿರಿ. ಮಂದಿರದ ಆಂಪ್ಲಿಫೈಯರಿಗೆ ಹೆಡ್‌ಫೋನಿನ ತೂತಿನಿಂದ ವೈರು ಎಳೆದರೆ ವಾದ್ಯದ ಸ್ವಂತ ಸ್ಪೀಕರು ಸುಮ್ಮನಾಗುತ್ತದೆ. ಕೆಟ್ಟುಹೋಯಿತೆಂದು ಗಾಬರಿಯಾಗಬೇಡಿ. ನೆಲದ ಮೇಲೆ ಕೂತು ನುಡಿಸುವವರು ಅಗಲವಾದ ಮಣೆಯ ಮೇಲೆ ಇಟ್ಟುಕೊಳ್ಳಲಿ, ತೊಡೆಯ ಮೇಲೆ ಬೇಡ. ಮೊಣಕೈ ಮನೆಗಳ ಮಟ್ಟಕ್ಕೆ ಬರಬೇಕು. ಆಯುಧಪೂಜೆಯ ದಿನ ಭಕ್ತಿಯಿಂದ ತೀರ್ಥ ಪ್ರೋಕ್ಷಿಸಿ, ಮನೆಮನೆಗೂ ಕುಂಕುಮವಿಟ್ಟು ವಾದ್ಯವನ್ನು ರಿಪೇರಿಗೆ ಕಳುಹಿಸುವವರೂ ಇದ್ದಾರೆ. ವಿಭೂತಿಯನ್ನು ಹೊರ ಅಂಚಿಗೆ ಹಚ್ಚಿದರೆ ಶಿವನಿಗೆ ಸಲ್ಲುತ್ತದೆ.

ಮಕ್ಕಳಿಗೆ ಕಲಿಸಲು ಒಂದು ಸುಲಭ ದಾರಿ ಇದೆ. ಮೂರು ಕಪ್ಪಿನ ಗುಂಪಿನ ಮೊದಲ ಕಪ್ಪನ್ನು ಷಡ್ಜವೆಂದು ಹಿಡಿದು, ಬಿಳಿಯನ್ನು ಮುಟ್ಟದೆ ಕಪ್ಪಿನ ಮೇಲೇ ಏರಿ ಇಳಿದರೆ ಮೋಹನ ರಾಗ ತಾನಾಗಿ ಬರುತ್ತದೆ. ತಪ್ಪಲು ಸಾಧ್ಯವೇ ಇಲ್ಲ. ಆಮೇಲೆ ಎರಡು ಕಪ್ಪಿನ ಗುಂಪಿಗೆ ಎಡದಲ್ಲಿರುವ ಬಿಳಿಯನ್ನು ಷಡ್ಜ ಮಾಡಿಕೊಂಡು ಸರಳೆ ವರಸೆಗೆ ಹೋಗಬಹುದು. ಮಾಯಾಮಾಳವಗೌಳಕ್ಕೆ ಅಲ್ಲಿ ರಿಷಭ, ಧೈವತ ಎರಡು ಮಾತ್ರ ಕಪ್ಪು, ಉಳಿದದ್ದೆಲ್ಲ ಬಿಳಿ.

ಆದರೆ ಗಂಡಸರ ಕಂಠಕ್ಕೂ ಹೆಂಗಸರ ಕಂಠಕ್ಕೂ ಷಡ್ಜ ಒಂದೇ ಅಲ್ಲ. ಅಕ್ಕನ ಬಳಗದ ತಾಯಂದಿರು ಹಾಡಲು ಕುಳಿತರೆ ಐದಾರು ಮನೆ ಸರಿಸಬೇಕಾಗುತ್ತದೆ. ಹಳೆಯ ಮೇಷ್ಟರುಗಳು ಯಾವ ಮನೆಯನ್ನಾದರೂ ಷಡ್ಜ ಮಾಡಿ ನುಡಿಸುವಷ್ಟು ಬೆರಳು ಪಳಗಿಸಿಕೊಂಡಿರುತ್ತಿದ್ದರು. ಕೀಬೋರ್ಡಿನಲ್ಲಿ 'ಟ್ರಾನ್ಸ್‌ಪೋಸ್' ಎಂಬ ಗುಂಡಿ ಒತ್ತಿದರೆ ಬೆರಳು ಅಲ್ಲೇ ಇದ್ದು ಶ್ರುತಿ ಮಾತ್ರ ಏರುತ್ತದೆ, ಇಳಿಯುತ್ತದೆ. ಕಲಿಯುವವನಿಗೆ ಇದು ಊರುಗೋಲು, ನಾವು ಬೇಡವೆನ್ನುವುದಿಲ್ಲ. ಕಾಲು ಬಂದ ಮೇಲೂ ಊರುಗೋಲು ಬಿಡದವನಿಗೆ ಮೇಷ್ಟರೇ ಬುದ್ಧಿ ಹೇಳಲಿ.

ನಮಗೆ ನಿಜವಾಗಿ ಬೇಸರ ತರಿಸುವುದು ತಾಳದ ಗುಂಡಿ. ಒತ್ತಿದರೆ ಡೋಲು ಡಮರುಗಳೆಲ್ಲ ತಾವೇ ಬಡಿಯತೊಡಗುತ್ತವೆ. ಭಾರತದ ಮಾರುಕಟ್ಟೆಗೆಂದೇ ತಬಲಾ, ತಂಬೂರಿ ದನಿ ಸೇರಿಸಿದ ಮಾದರಿಗಳನ್ನು ಯಮಹಾ, ಕ್ಯಾಸಿಯೊ ಕಂಪನಿಗಳು ತಂದಿವೆ. ಆದಿತಾಳದ ಎಂಟು, ಮೂರು ಎಣಿಕೆಯ ನಡೆ ಇವು ಹೇಗೋ ಹೊಂದಿಕೊಳ್ಳುತ್ತವೆ. ಐದರ ಖಂಡಚಾಪು, ಏಳರ ಮಿಶ್ರಚಾಪು ಹುಡುಕಿದರೂ ಸಿಗುವುದು ಕಷ್ಟ. ಅದಿರಲಿ, ವಚನ ಹಾಡುವವನು ಅರ್ಥ ಎದೆಗೆ ಇಳಿದ ಕಡೆ ನಿಲ್ಲುತ್ತಾನೆ. ಎಪ್ಪತ್ತು ದಾಟಿದ ಅಜ್ಜ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾನೆ. ಯಂತ್ರ ನಿಲ್ಲುವುದಿಲ್ಲ. ಅಜ್ಜ ಅದರ ಹಿಂದೆ ಓಡಬೇಕಾಗುತ್ತದೆ. ತಾಳಮಾನದ ಲೆಕ್ಕ ತಿಳಿಯದಿದ್ದರೂ ಒಲಿದಂತೆ ಹಾಡುವೆನೆಂದ ಬಸವಣ್ಣನವರ ಬಳಗ ನಮ್ಮದು. ಆ ಗುಂಡಿಯನ್ನು ಭಜನೆಯಲ್ಲಿ ಮುಟ್ಟಬೇಡಿ. ತಾಳ ಹಾಕಲು ನಿಮ್ಮಲ್ಲಿ ಕೈಯೂ ಇದೆ, ಕಂಚಿನ ತಾಳವೂ ಇದೆ.

ಎಡಗೈಯಲ್ಲಿ ಮೂರು ಮೂರು ಮನೆ ಒಟ್ಟಿಗೆ ಒತ್ತುವ ಅಭ್ಯಾಸವೂ ಎಚ್ಚರದಿಂದಿರಲಿ. ಕೀಬೋರ್ಡು ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದೆ. ಅದರಿಂದ ಅಂತರ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳುವ ಶುದ್ಧ ಸ್ಥಾನಕ್ಕಿಂತ ಒಂದು ಮನೆಯ ಅಂತರದ ಸುಮಾರು ಏಳನೇ ಒಂದು ಪಾಲು ಮೇಲೆ ನಿಲ್ಲುತ್ತದೆ. ಪಂಚಮದಲ್ಲಿ ವ್ಯತ್ಯಾಸ ಕಿವಿಗೆ ಬೀಳದಷ್ಟು ಕಡಿಮೆ. ಆದ್ದರಿಂದ ಎಡಗೈಗೆ ಷಡ್ಜ, ಪಂಚಮ ಎರಡೇ ಸಾಕು. ಅದಕ್ಕಿಂತ ಎಲೆಕ್ಟ್ರಾನಿಕ್ ತಂಬೂರಿ ಇನ್ನೂ ಲೇಸು, ಬೆಂಗಳೂರಿನ ಜಿ. ರಾಜನಾರಾಯಣ್ ಎಂಬ ಇಂಜಿನಿಯರು, ಸ್ವತಃ ಕೊಳಲು ಬಲ್ಲವರು, 1970ರ ದಶಕದ ಕೊನೆಯಲ್ಲಿ ರೂಪಿಸಿದ ಈ ಪೆಟ್ಟಿಗೆ ಇಂದು ಹಳ್ಳಿಗಳಿಗೂ ಬಂದಿದೆ. ಗಮಕಕ್ಕೆಂದು ಕೆಲವು ಕೀಬೋರ್ಡುಗಳ ಎಡತುದಿಯಲ್ಲಿ ಒಂದು ಚಕ್ರವಿದೆ, ಹೊರಳಿಸಿದರೆ ಸ್ವರ ಜಾರುತ್ತದೆ. ಚೆನ್ನೈನ ಕೆ. ಸತ್ಯನಾರಾಯಣನ್ ಬಾಲ್ಯದಿಂದಲೇ ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತದ ಕಛೇರಿ ಮಾಡಿ ಹೆಸರಾದವರು. ಎಲ್ಲರಿಗೂ ಅದು ಸಾಧ್ಯವಿಲ್ಲ, ಅಸಾಧ್ಯವೂ ಅಲ್ಲ.

ಈಗ ಮೇಷ್ಟರ ಪೆಟ್ಟಿಗೆಯ ವಿಷಯ. ಕೀಬೋರ್ಡು ಕಾರ್ಖಾನೆಯಿಂದ ಬರುವಾಗಲೇ ಒಂದು ಅಳತೆಗೆ ಕೂತಿರುತ್ತದೆ. ಬಿಳಿ ಮನೆಗಳಲ್ಲಿ ಆರನೆಯದು, ನಡುಸ್ಥಾಯಿಯಲ್ಲಿ, ಸೆಕೆಂಡಿಗೆ 440 ಬಾರಿ ಕಂಪಿಸುತ್ತದೆ. ಲೋಕವೆಲ್ಲ ಒಪ್ಪಿದ ಅಳತೆ ಅದು. ಮೇಷ್ಟರ ಪೆಟ್ಟಿಗೆಯನ್ನು ಐವತ್ತು ವರ್ಷದ ಹಿಂದೆ ಶ್ರುತಿ ಮಾಡಿದವನು ತನ್ನ ಕಿವಿಯ ಅಳತೆಗೆ ಮಾಡಿದ್ದಾನೆ. ಆ ಪೆಟ್ಟಿಗೆಯ ಸ್ವರಗಳು ತಮ್ಮತಮ್ಮೊಳಗೆ ಕೂಡಿವೆ. ಒಟ್ಟು ಪೆಟ್ಟಿಗೆಯೇ ಒಂದಿಷ್ಟು ಮೇಲಿದೆ, ಅಷ್ಟೆ. ಅದು ಅಪಶ್ರುತಿಯಲ್ಲ. ಅದನ್ನು ಇಳಿಸಬೇಕಾದರೆ ಒಂದೊಂದು ರೀಡನ್ನೂ ಬುಡದ ಕಡೆ ಕೆರೆಯಬೇಕು, ಎರಡು ಸಾಲಿನ ಪೆಟ್ಟಿಗೆಯಾದರೆ 74 ರೀಡು. ಕೈ ತಪ್ಪಿದರೆ ರೀಡು ಹೋಯಿತು. ಕೀಬೋರ್ಡಿನಲ್ಲಾದರೋ 'ಟ್ಯೂನಿಂಗ್' ಎಂಬ ಸ್ಥಾನಕ್ಕೆ ಹೋಗಿ ಗುಂಡಿ ಒತ್ತುತ್ತ ಬಂದರೆ ಇಡೀ ವಾದ್ಯ ಕೂದಲೆಳೆಯಷ್ಟಾಗಿ ಏರುತ್ತದೆ. ಬಾಗಬಲ್ಲದ್ದು ಹೊಸದು, ಬಾಗಲಾರದ್ದು ಹಳೆಯದು. ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಸೋಮವಾರ ಮೇಷ್ಟರು ಬಂದರು. ಮಂಡಳಿಯವರೇ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿ ಹೊತ್ತು ತಂದಿದ್ದರು. ಅವರು ನಮಗೆ ನಮಸ್ಕರಿಸಿ ಹುಡುಗನ ಕಡೆ ನೋಡದೆ ದೂರ ಕುಳಿತರು. ನಾವೂ ಏನೂ ಉಪದೇಶ ಮಾಡಲಿಲ್ಲ. "ಮೇಷ್ಟರೇ, ಷಡ್ಜ ಹಿಡಿಯಿರಿ" ಎಂದೆವು. ತಿದಿ ಆಡಿತು, ದನಿ ಬಂತು. ಹುಡುಗ ಅದೇ ಮನೆ ಒತ್ತಿದ. ಎರಡು ದನಿಗಳ ನಡುವೆ ಅಲೆ ಎದ್ದು ಕಿವಿಯಲ್ಲಿ ಗುಂಯ್‌ಗುಡತೊಡಗಿತು. ಅದೇ ಅವರನ್ನು ಬೇರೆ ಮಾಡಿದ ಅಲೆ.

ಹುಡುಗ ಗುಂಡಿ ಒತ್ತುತ್ತ ಹೋದ. ಪರದೆಯ ಮೇಲೆ 441, 442. ಅಲೆ ನಿಧಾನವಾಯಿತು. "ಇನ್ನೊಂದಿಷ್ಟು" ಎಂದರು ಮೇಷ್ಟರು, ಅವನನ್ನು ನೋಡದೆಯೇ. ಅವನು ಮತ್ತೆ ಒತ್ತಿದ. "ಹೆಚ್ಚಾಯ್ತು ಕಣಪ್ಪ, ಸ್ವಲ್ಪ ಇಳಿಸು." ಇಳಿಸಿದ. ಅಲೆ ನಿಂತಿತು. ಎರಡು ವಾದ್ಯ ನುಡಿಯುತ್ತಿವೆ ಎಂಬುದೇ ತಿಳಿಯದಂತಾಯಿತು. ಮೇಷ್ಟರು ಕತ್ತೆತ್ತಿ ಮೊದಲ ಸಲ ಹುಡುಗನ ಮುಖ ನೋಡಿದರು.

ಆ ಮೇಲೆ ನಾವೇ ವಿಭೂತಿ ಹಚ್ಚಿದೆವು, ಎರಡಕ್ಕೂ. ಭಜನೆ ಮುಗಿದಾಗ ರಾತ್ರಿ ಹತ್ತೂವರೆ. ಹುಡುಗ ಸ್ವಿಚ್ಚು ಆರಿಸಲು ಕೈ ಹಾಕಿದಾಗ ಮೇಷ್ಟರು, "ತಡಿ ಮಗಾ, ಆರಿಸಿದರೆ ಅದು ಮತ್ತೆ ತನ್ನ 440ಕ್ಕೇ ಹೋಗುತ್ತದೋ ಏನೋ. ಈಗ ಎಷ್ಟಿದೆ ನೋಡಿ ಹೇಳು" ಎಂದು ಬಳಪ ತೆಗೆದುಕೊಂಡರು. ಹುಡುಗ ಹೇಳಿದ. ಮೇಷ್ಟರು ತಮ್ಮ ಪೆಟ್ಟಿಗೆಯ ಮುಚ್ಚಳದ ಒಳಗೆ ದಪ್ಪಕ್ಷರದಲ್ಲಿ 443 ಎಂದು ಬರೆದುಕೊಂಡರು.