ಪ್ರಶಸ್ತಿ ದಿಲ್ಲಿಯಲ್ಲಿ, ಪಿಕ್ಚರ್ ಎಲ್ಲಿ ಮಾರಾಯ್ರೆ?

ಜ್ಯೋತಿ ಟಾಕೀಸಿಗೆ ಬಾಗಿಲು ಬಿದ್ದಾಯಿತು. ಆದರೆ ಸಿಟಿ ಬಸ್ಸಿನ ಕಂಡಕ್ಟರನಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ. ಬಾಗಿಲಲ್ಲಿ ನೇತಾಡಿಕೊಂಡು ಈಗಲೂ "ಜ್ಯೋತಿ, ಜ್ಯೋತಿ" ಎಂದೇ ಕೂಗುತ್ತಾನೆ. ಇಳಿಯುವವರೂ ಅಲ್ಲಿಗೇ ಟಿಕೇಟು ಕೇಳುತ್ತಾರೆ. ಟಾಕೀಸು ಹೋಯಿತು, ಸ್ಟಾಪು ಉಳಿಯಿತು. ಪಿಕ್ಚರಿನ ಮೇಲೆ ಈ ಊರಿಗೆ ಇರುವ ಪ್ರೀತಿಗೆ ಬೇರೆ ಸಾಕ್ಷಿ ಬೇಡ.

ಬೇಕೆಂದರೆ ಅದೂ ಉಂಟು. 2011ರಲ್ಲಿ 'ಒರಿಯರ್ದೊರಿ ಅಸಲ್' ಬಂದಾಗ ನಾಟಕಕ್ಕೆ ಮಾತ್ರ ಮನೆ ಬಿಟ್ಟು ಹೊರಡುತ್ತಿದ್ದವರೆಲ್ಲ ಟಾಕೀಸಿಗೆ ಬಂದರು. 2014ರ 'ಚಾಲಿ ಪೋಲಿಲು' ಐನೂರು ದಿನ ದಾಟಿ ಓಡಿತು. 2025ರಲ್ಲಿ 'ಸು ಫ್ರಮ್ ಸೋ' ಎಂಬ ಸಣ್ಣ ಚಿತ್ರಕ್ಕೆ ಬೆಂಗಳೂರಿನವರೂ ಕ್ಯೂ ನಿಂತರು. ಆದ್ದರಿಂದ "ನಮ್ಮೂರಲ್ಲಿ ನೋಡುವವರಿಲ್ಲ" ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ನೋಡುವವರು ಇದ್ದಾರೆ. ತೋರಿಸುವ ಜಾಗ ಇಲ್ಲ. ಇದು ನಮ್ಮ ಇವತ್ತಿನ ತಕರಾರು.

ನಮ್ಮದೇ ಮಾತು, ನಮಗೇ ಕಾಣದ್ದು

ಒಂದು ಸಣ್ಣ ಪರೀಕ್ಷೆ. ಬಂದರಿನಲ್ಲಿ ಸಗಟು ವ್ಯಾಪಾರದ ಯಾವ ಅಂಗಡಿಗಾದರೂ ಹೋಗಿ. ಗಲ್ಲಾದಲ್ಲಿ ಕೂತವರ ಮನೆಮಾತು ಬ್ಯಾರಿ ಆಗಿರುವ ಸಂಭವ ಹೆಚ್ಚು. ಆ ಬ್ಯಾರಿ ಭಾಷೆಯ ಮೊದಲ ಚಲನಚಿತ್ರ 'ಬ್ಯಾರಿ'. 2011ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಇಡೀ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವನ್ನು ಮರಾಠಿಯ 'ದೇವೂಳ್' ಜೊತೆ ಅದು ಹಂಚಿಕೊಂಡಿತು. ಹಿಂದಿಯ ದೊಡ್ಡ ದೊಡ್ಡವರೆಲ್ಲ ಹಿಂದೆ ಉಳಿದರು. ಅದನ್ನು ನೋಡಿದ್ದೀರಾ ಎಂದು ಕೇಳಿ ನೋಡಿ. ಕೇಳಿದ್ದೇವೆ ಎನ್ನುವವರು ಸಿಗುತ್ತಾರೆ. ನೋಡಿದವರನ್ನು ಹುಡುಕಿಯೇ ತೆಗೆಯಬೇಕು.

ಈ ಚಿತ್ರಕ್ಕೆ ಇನ್ನೊಂದು ಕತೆ ಉಂಟು. ಮಂಗಳೂರಿನಲ್ಲೇ ನೆಲೆಸಿದ್ದ ಸಾರಾ ಅಬೂಬಕ್ಕರ್ ಅವರು ಇದು ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಕಲು ಎಂದು ನ್ಯಾಯಾಲಯಕ್ಕೆ ಹೋದರು. ತೀರ್ಪು ಅವರ ಪರವಾಗಿಯೇ ಬಂತು. ಪುಸ್ತಕ ನಮ್ಮೂರಿನದು, ಭಾಷೆ ನಮ್ಮೂರಿನದು, ಜಗಳವೂ ನಮ್ಮೂರಿನದು. ಪುಸ್ತಕ ಓದಿ ಚಿತ್ರ ನೋಡಿ, ಯಾರು ಎಷ್ಟು ಎತ್ತಿದ್ದಾರೆಂದು ನಾಲ್ಕು ಮಂದಿ ಕೂತು ವಾದ ಮಾಡುವ ಸುಖ ಮಾತ್ರ ನಮಗೆ ಸಿಗಲಿಲ್ಲ.

ತುಳುವಿನ ಕತೆಯೂ ಅಷ್ಟೇ. 1971ರಲ್ಲಿ 'ಎನ್ನ ತಂಗಡಿ' ಬಂದು ತುಳು ಸಿನೆಮಾ ಶುರುವಾಯಿತು. ಆಮೇಲೆ ರಾಷ್ಟ್ರಪ್ರಶಸ್ತಿ ತಂದ ತುಳು ಚಿತ್ರಗಳು ನಮ್ಮ ಲೆಕ್ಕಕ್ಕೆ ಸಿಕ್ಕಿದ್ದೇ ಏಳು: 'ಬಂಗಾರ್ ಪಟ್ಲೇರ್', ಹೊಸ 'ಕೋಟಿ ಚೆನ್ನಯ', 'ಗಗ್ಗರ', 'ಮದಿಪು', 'ಪಡ್ಡಾಯಿ', 'ಪಿಂಗಾರ', 'ಜೀಟಿಗೆ'. ಬೆರಳು ಮಡಚಿ ಹೇಳಿ, ಇದರಲ್ಲಿ ಎಷ್ಟು ನೋಡಿದ್ದೀರಿ? ನಾಚಿಕೆ ಬೇಡ, ಈ ಅಂಕಣದವನದ್ದೂ ಏಳು ಆಗುವುದಿಲ್ಲ.

'ಪಡ್ಡಾಯಿ'ಯನ್ನೇ ತೆಗೆದುಕೊಳ್ಳಿ. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಅಭಯ ಸಿಂಹ ಅವರು ನಮ್ಮ ಕಡಲ ಬದಿಗೆ ತಂದು, ಮೀನುಗಾರರ ನಡುವೆ ಇಟ್ಟು ಮಾಡಿದ ಚಿತ್ರ. ದಕ್ಕೆಯಲ್ಲಿ ಬೆಳಿಗ್ಗೆ ಮೀನು ಏಲಂ ಆಗುವಾಗ ನಿಂತು ನೋಡಿದವರಿಗೆ, ಬೋಟಿನ ಯಜಮಾನಿಕೆಗೆ ಮನುಷ್ಯ ಎಲ್ಲಿಯವರೆಗೆ ಹೋದಾನು ಎಂದು ಯಾರೂ ವಿವರಿಸಬೇಕಾಗಿಲ್ಲ. ಅಂಥ ಚಿತ್ರವನ್ನು ದಕ್ಕೆಯವರಿಗೇ ತೋರಿಸದೆ ಇನ್ನಾರಿಗೆ ತೋರಿಸುವುದು?

ಇನ್ನೂ ಹಿಂದಕ್ಕೆ ಹೋದರೆ ಪಿ.ಎನ್. ರಾಮಚಂದ್ರ ಅವರ 'ಸುದ್ದ'. ನಾರಾಯಣ ನಂದಳಿಕೆಯವರ 'ಬೊಜ್ಜ' ನಾಟಕ ಅದರ ಮೂಲ. ಭೂಸುಧಾರಣೆ ಬಂದ ಮೇಲೆ ಜಮೀನು ಕರಗಿ ಹೋದ ಒಂದು ದೊಡ್ಡ ಮನೆ. ಅಜ್ಜಿಯ ಬೊಜ್ಜವನ್ನಾದರೂ ಹಳೇ ಗತ್ತಿನಲ್ಲಿ ಮಾಡಬೇಕು, ಕೈಯಲ್ಲಿ ಕಾಸಿಲ್ಲ. ಇಂಥ ಮನೆ ನಮ್ಮ ಜಿಲ್ಲೆಯಲ್ಲಿ ಯಾವ ಗ್ರಾಮದಲ್ಲಿ ಇಲ್ಲ ಹೇಳಿ? 2006ರಲ್ಲಿ ದಿಲ್ಲಿಯ ಓಸಿಯಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಅತ್ಯುತ್ತಮ ಭಾರತೀಯ ಚಿತ್ರ ಎಂಬ ಪ್ರಶಸ್ತಿ ಬಂತು. ದಿಲ್ಲಿಯವರಿಗೆ ನಮ್ಮ ಬೊಜ್ಜ ಅರ್ಥವಾಯಿತು. ನಮಗೆ ಪ್ರಶಸ್ತಿಯ ಸುದ್ದಿ ಮಾತ್ರ ಬಂತು.

ಮಾಲಿನ ಪರದೆ ಇವರಿಗಲ್ಲ

ಮಾಲುಗಳಲ್ಲಿ ಪರದೆಗೆ ಬರಗಾಲವಿಲ್ಲವಲ್ಲ ಎನ್ನಬಹುದು. ಅಂಗಡಿ ನಡೆಸುವವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಶೆಲ್ಫಿನಲ್ಲಿ ಜಾಗ ಇರುವುದು ಓಡುವ ಮಾಲಿಗೆ. ಹೆಸರಿಲ್ಲದ ಸೋಪನ್ನು ಮುಂದಿನ ಸಾಲಿನಲ್ಲಿ ಯಾರೂ ಇಡುವುದಿಲ್ಲ. ಸಣ್ಣ ಚಿತ್ರಕ್ಕೆ ಒಂದು ಆಟ ಸಿಗುತ್ತದೆ, ಅದೂ ಅಂಗಡಿ ತೆರೆದಿರುವ, ಆಫೀಸು ನಡೆಯುವ ಹೊತ್ತಿಗೆ. ಸುದ್ದಿ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಶುಕ್ರವಾರ ಬಂದಿರುತ್ತದೆ, ಚಿತ್ರ ಎದ್ದಿರುತ್ತದೆ. ಇದರಲ್ಲಿ ಮಾಲಿನವರ ತಪ್ಪು ಹುಡುಕುವುದು ವ್ಯರ್ಥ. ಅವರಿಗೂ ಬಾಡಿಗೆ, ಕರೆಂಟು, ಸಂಬಳ ಉಂಟು.

ಕಿರುಚಿತ್ರದ ಪಾಡಂತೂ ಕೇಳುವುದೇ ಬೇಡ. ಹಿಂದೆ ಟಾಕೀಸಿನಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ಸರಕಾರದ ಫಿಲ್ಮ್ಸ್ ಡಿವಿಜನ್‌ನವರ ಸಣ್ಣ ಚಿತ್ರ ತೋರಿಸುವುದು ಕಡ್ಡಾಯವಿತ್ತು. ಅಷ್ಟು ಹೊತ್ತು ಕಡ್ಲೆ ತಿನ್ನಲಿಕ್ಕೆಂದು ಹೊರಗೆ ನಿಲ್ಲುತ್ತಿದ್ದವರೇ ಹೆಚ್ಚು ಎಂಬುದು ಬೇರೆ ಮಾತು. ಆದರೂ ಹತ್ತು ಹದಿನೈದು ನಿಮಿಷದ ಚಿತ್ರಕ್ಕೆ ಪರದೆಯ ಮೇಲೆ ಒಂದು ಜಾಗ ಇತ್ತು. ಈಗ ಅಲ್ಲಿ ಜಾಹೀರಾತು.

ಸಣ್ಣದೆಂದು ಉಪೇಕ್ಷೆ ಮಾಡುವಂಥದ್ದಲ್ಲ ಅದು. ಮಣಿಪಾಲದಲ್ಲಿ ಫಾರ್ಮಸಿ ಓದಿದ ಗಿರೀಶ ಕಾಸರವಳ್ಳಿ ಪೂನಾಕ್ಕೆ ಹೋಗಿ ಮೊದಲು ಮಾಡಿದ್ದು 'ಅವಶೇಷ್' ಎಂಬ ವಿದ್ಯಾರ್ಥಿ ಚಿತ್ರ. ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಮತ್ತೆ 1977ರಲ್ಲಿ 'ಘಟಶ್ರಾದ್ಧ' ಮಾಡಿ ಸ್ವರ್ಣಕಮಲ ತಂದರು. 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಮಾಡಿದ ನಮ್ಮ ರಾಜ್ ಬಿ. ಶೆಟ್ಟಿಯವರೂ ಕಿರುಚಿತ್ರಗಳಲ್ಲಿ ಕೈ ಪಳಗಿಸಿ ಬಂದವರೇ. ಇವತ್ತು ನಮ್ಮ ಕಾಲೇಜುಗಳಲ್ಲಿ ಕಿರುಚಿತ್ರ ಮಾಡುವ ಹುಡುಗರು ಎಷ್ಟೋ. ಮಾಡಿ ಮೊಬೈಲಿಗೆ ಹಾಕುತ್ತಾರೆ. ನೋಡಿದವರು ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ. ನೂರು ಮಂದಿ ಕತ್ತಲಲ್ಲಿ ಒಟ್ಟಿಗೆ ಕೂತು ನೋಡುವಾಗ ಎಲ್ಲಿ ನಗೆ ಬಂತು, ಎಲ್ಲಿ ಕುರ್ಚಿ ಕಿರ್ರೆಂದಿತು, ಎಲ್ಲಿ ಎದ್ದು ಹೊರಗೆ ಹೋದರು ಎಂಬುದು ಮಾಡಿದವನಿಗೆ ಗೊತ್ತಾಗಬೇಕಲ್ಲ. ನಾಟಕದವರಿಗೆ ಆ ಪಾಠ ಪುಕ್ಕಟೆ ಸಿಗುತ್ತದೆ. ಸಿನೆಮಾ ಹುಡುಗರಿಗೆ ಸಿಗುವುದಿಲ್ಲ.

ಅಡಕೆ ತೋಟದವರು ಮಾಡಿ ತೋರಿಸಿದ್ದು

ಇದೆಲ್ಲ ಆಗದ ಹೋಗದ ಮಾತು ಎನ್ನುವವರು ಒಮ್ಮೆ ಘಟ್ಟ ಹತ್ತಿ ಸಾಗರದ ಹತ್ತಿರ ಹೆಗ್ಗೋಡಿಗೆ ಹೋಗಿ ಬರಬೇಕು. ಊರೆಂದರೆ ನಾಲ್ಕು ಮನೆ, ಅಡಕೆ ತೋಟ, ಮಳೆ. 1949ರಲ್ಲಿ ಅಲ್ಲಿ ನೀನಾಸಂ ಹುಟ್ಟಿತು. ತೋಟದ ಕೆಲಸ ಮುಗಿಸಿ ನಾಟಕ ಆಡುವವರ ಸಂಘ. ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. 1972ರಲ್ಲಿ ಒಂದು ರಂಗಮಂದಿರ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಯಾರದು ಗೊತ್ತುಂಟಾ? ನಮ್ಮ ಪುತ್ತೂರಿನ ಶಿವರಾಮ ಕಾರಂತರದ್ದು. 1930ರಷ್ಟು ಹಿಂದೆ, ಸಿನೆಮಾಕ್ಕೆ ಇನ್ನೂ ಮಾತು ಬಾರದ ಕಾಲದಲ್ಲಿ, 'ಡೊಮಿಂಗೊ' ಎಂಬ ಮೂಕಿಚಿತ್ರ ಮಾಡಿ ಕೈ ಸುಟ್ಟುಕೊಂಡ ಅದೇ ಕಾರಂತರು.

ಮರುವರ್ಷ, 1973ರಲ್ಲಿ, ಸುಬ್ಬಣ್ಣನವರು ಅಲ್ಲೇ ನೀನಾಸಂ ಚಿತ್ರಸಮಾಜ ಶುರು ಮಾಡಿದರು. ಪೂನಾದ ಫಿಲ್ಮ್ ಆರ್ಕೈವ್‌ನಂಥ ಕಡೆಗಳಿಂದ ಸಿನೆಮಾ ರೀಲುಗಳನ್ನು ತರಿಸಿದರು. ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ', ಇಟೆಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೋಮಾನ್' ಹೆಗ್ಗೋಡಿನ ಪರದೆಯ ಮೇಲೆ ಬಂದವು. ಬೆಂಗಾಲಿ ಬಾರದು, ಜಪಾನಿ ಬಾರದು. ಏನಂತೆ? ಕನ್ನಡದಲ್ಲಿ ವಿವರಿಸಿದರು. ಸಿನೆಮಾ ನೋಡುವುದು ಹೇಗೆಂದು ಶಿಬಿರ ಮಾಡಿದರು, ಪುಸ್ತಕ ಬರೆದರು. ಸೈಕಲ್ ಕಳಕೊಂಡ ಅಪ್ಪನ ಪಾಡು ತಿಳಿಯಲು ಇಟೆಲಿಯನ್ ಭಾಷೆ ಬೇಕಾಗುವುದಿಲ್ಲ ಎಂದು ತೋಟದ ಕೂಲಿಯವರೇ ತೋರಿಸಿಕೊಟ್ಟರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಎಲ್ಲಿದೆ ಎಂದು ಪಟ್ಟಣದವರು ನಕ್ಷೆ ಹುಡುಕಿದರು.

ಪಕ್ಕದ ಕೇರಳದ್ದು ಇನ್ನೂ ಸ್ವಾರಸ್ಯ. ಜಾನ್ ಅಬ್ರಹಾಂ ಎಂಬ ನಿರ್ದೇಶಕ ಮತ್ತು ಅವರ 'ಒಡೆಸ್ಸಾ' ಬಳಗದವರು ಊರೂರು ತಿರುಗಿ ಜನರಿಂದಲೇ ಚಂದಾ ಎತ್ತಿ 1986ರಲ್ಲಿ 'ಅಮ್ಮ ಅರಿಯಾನ್' ಎಂಬ ಚಿತ್ರ ಮಾಡಿದರು. ಚಂದಾ ಕೊಟ್ಟ ಜನರಿಗೇ ಊರೂರಿಗೆ ಹೊತ್ತುಕೊಂಡು ಹೋಗಿ ತೋರಿಸಿದರು. ನಡುವೆ ದಲ್ಲಾಳಿ ಇಲ್ಲ.

ನಮಗೆ ಎಂತ ಕೊರತೆ?

ಸಭಾಂಗಣಕ್ಕೆ ಮಂಗಳೂರಿನಲ್ಲಿ ಕೊರತೆಯಿಲ್ಲ. ಪುರಭವನ ಉಂಟು, ಡಾನ್ ಬಾಸ್ಕೊ ಹಾಲ್ ಉಂಟು, ಉರ್ವಸ್ಟೋರಿನಲ್ಲಿ ತುಳು ಭವನ ಉಂಟು, ಹಂಪನಕಟ್ಟೆಯಲ್ಲೇ ರವೀಂದ್ರ ಕಲಾಭವನ ಉಂಟು. ಬಲ್ಲಾಳ್‌ಬಾಗಿನ ಕೊಡಿಯಾಲ್‌ಗುತ್ತು ಮನೆ ಈಗ ಕಲಾಕೇಂದ್ರ. ಅಲ್ಲಿ ಮಾತುಕತೆ, ಚಿತ್ರಪ್ರದರ್ಶನ ನಡೆಯುತ್ತದೆ. ಸಿನೆಮಾಕ್ಕೂ ಅಲ್ಲಲ್ಲಿ ಜಾಗ ಸಿಗುತ್ತದೆ. ಆದರೆ ಇವತ್ತು ಇಲ್ಲಿ, ಮುಂದಿನದು ಎಲ್ಲೋ, ಯಾವಾಗಲೋ. ಗೊತ್ತಾಗುವುದು ಮರುದಿನ ಪೇಪರಿನಲ್ಲಿ ಫೋಟೋ ಬಂದ ಮೇಲೆ.

ನಾವು ಹೋದ ಒಂದು ಪ್ರದರ್ಶನದ ಕತೆ ಹೇಳಬೇಕು. ಹಾಲಿನ ಹೆಸರು ಬೇಡ. ಆರು ಗಂಟೆಗೆ ಆರಂಭ ಎಂದಿದ್ದರು. ಪಡುದಿಕ್ಕಿನ ಕಿಟಕಿಗೆ ಪರದೆ ಇಲ್ಲ. ನಮ್ಮ ಕರಾವಳಿಯ ಸಂಜೆ ಬಿಸಿಲು ನೇರ ಬಂದು ಸಿನೆಮಾದ ಮೇಲೆ ಕೂತಿತು. ನಾಯಕಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಕಾಣಲಿಲ್ಲ. ಸೂರ್ಯ ಮುಳುಗಿದ ಮೇಲೆ ಚಿತ್ರ ಕಂಡಿತು, ಆಗ ಫ್ಯಾನಿನ ಸದ್ದಿನಲ್ಲಿ ಮಾತು ಕೇಳಲಿಲ್ಲ. ಫ್ಯಾನು ನಿಲ್ಲಿಸಿದರು, ಸೆಕೆಗೆ ಅರ್ಧ ಜನ ಎದ್ದರು. ಆಮೇಲೆ ಅತಿಥಿಗಳ ಭಾಷಣ, ಚಿತ್ರಕ್ಕಿಂತ ಉದ್ದ.

ಸಿನೆಮಾ ನಾಟಕದ ಹಾಗಲ್ಲ. ನಾಟಕದವರಿಗೆ ಬೆಳಕು ಬೇಕು, ಇದಕ್ಕೆ ಕತ್ತಲೆ ಬೇಕು. ದಪ್ಪ ಕಪ್ಪು ಬಟ್ಟೆ, ಹೊಳಪಿರುವ ಪ್ರೊಜೆಕ್ಟರ್, ಮಾತು ಗಾಳಿಗೆ ಹಾರದ ಹಾಗೆ ಸ್ಪೀಕರ್, ಕರೆಂಟು ಹೋದರೆ ಜನರೇಟರ್. ಇಷ್ಟೇ. ರೀಲಿನ ಡಬ್ಬಿ ಹೊರುವ ಕಾಲ ಹೋಯಿತು, ಈಗ ಚಿತ್ರ ಕಿಸೆಯಲ್ಲಿ ಬರುತ್ತದೆ. ಕಾನೂನು ಒಂದುಂಟು: ಸಾರ್ವಜನಿಕ ಪ್ರದರ್ಶನಕ್ಕೆ 1952ರ ಕಾಯ್ದೆಯಂತೆ ಸೆನ್ಸಾರ್ ಸರ್ಟಿಫಿಕೇಟು ಬೇಕು. ಪ್ರಶಸ್ತಿ ಬಂದ ಚಿತ್ರಗಳಿಗೆ ಅದು ಇದ್ದೇ ಇರುತ್ತದೆ. ತೊಡಕು ಹುಡುಗರ ಕಿರುಚಿತ್ರಗಳಿಗೆ. ಅದಕ್ಕೆ ದಾರಿ ತಿಳಿದವರು ಒಬ್ಬರು ಮುಂದೆ ನಿಂತು ಮಾಡಿಸಿಕೊಡಬೇಕು. ಹಾಗೆಯೇ ಮಾಡಿದವನ ಒಪ್ಪಿಗೆ ಕೇಳಿ, ಆತನಿಗೆ ಕೊಡುವುದನ್ನು ಕೊಟ್ಟೇ ತೋರಿಸಬೇಕು. ಪುಕ್ಕಟೆ ಪಿಕ್ಚರ್ ನೋಡಿದವರಿಂದ ಯಾವ ಸಿನೆಮಾದವನೂ ಉದ್ಧಾರವಾಗಿಲ್ಲ.

ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. ಇದಕ್ಕೆ ಬೆಂಗಳೂರಿಗೆ ಅರ್ಜಿ ಹಾಕುವ ಅಗತ್ಯ ಇಲ್ಲ. ಕಟೀಲಿನ ಮೇಳದವರ ಹರಕೆ ಆಟ ನೋಡಿ. ಒಬ್ಬರು ಹರಕೆ ಹೊತ್ತು ಖರ್ಚು ವಹಿಸುತ್ತಾರೆ, ಊರೆಲ್ಲ ಬಂದು ಟಿಕೇಟಿಲ್ಲದೆ ನೋಡುತ್ತದೆ. ಹರಕೆ ಹೇಳಿದವರು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ. ಒಂದು ರಾತ್ರಿಯ ಆಟಕ್ಕೆ ಆಗುವ ಖರ್ಚಿನ ಸಣ್ಣ ಪಾಲಿನಲ್ಲಿ ಒಂದು ಸಿನೆಮಾ ಸಂಜೆ ನಡೆದೀತು. ಅಂಗಡಿಯ ವಾರ್ಷಿಕೋತ್ಸವಕ್ಕೆ ಕ್ಯಾಲೆಂಡರ್ ಹಂಚುವ ಬದಲು "ಈ ತಿಂಗಳ ಪಿಕ್ಚರ್ ಇಂಥ ಅಂಗಡಿಯವರ ಸೇವೆ" ಎಂದು ಒಂದು ಬೋರ್ಡು ಹಾಕಿದರೆ ಯಾರಿಗೂ ನಷ್ಟವಿಲ್ಲ. ಕ್ಯಾಲೆಂಡರ್ ಹೇಗೂ ಮನೆಯಲ್ಲಿ ನಾಲ್ಕು ನೇತಾಡುತ್ತಿರುತ್ತದೆ.

ಎಲ್ಲಕ್ಕಿಂತ ಮುಖ್ಯ, ದಿನ ನಿಗದಿ ಇರಬೇಕು. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣದವರು 2002ರಿಂದ ಪ್ರತಿ ತಿಂಗಳ ಮೊದಲ ಆದಿತ್ಯವಾರ ಸಂಜೆ ಕೊಂಕಣಿ ಕಾರ್ಯಕ್ರಮ ನಡೆಸಿಕೊಂಡು ಬಂದಿದ್ದಾರೆ. ಸಂಖ್ಯೆ ಇನ್ನೂರೈವತ್ತು ದಾಟಿತು. ಆಮಂತ್ರಣ ಪತ್ರ ನೋಡಿ ಬರುವವರಿಗಿಂತ ದಿನ ಗೊತ್ತಿದ್ದು ಬರುವವರೇ ಹೆಚ್ಚು. ಸಿನೆಮಾಕ್ಕೂ ಅಂಥ ಒಂದು ದಿನ ಬೇಕು. ಮೊದಲನೆಯದು ಕೊಂಕಣಿಯವರಿಗಿರಲಿ. ಎರಡನೇ ಆದಿತ್ಯವಾರ ಆದೀತು, ಪೇಟೆಯ ಹೆಚ್ಚಿನ ಅಂಗಡಿಗಳಿಗೆ ಅವತ್ತು ರಜೆ.

ಆರಂಭ ಮಾತ್ರ ಐದೂವರೆಗೇ ಆಗಬೇಕು, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಭಾಷಣ ಬೇಡ. ಮೊದಲು ಹುಡುಗರದೊಂದು ಕಿರುಚಿತ್ರ, ಮತ್ತೆ ದೊಡ್ಡದು, ಆಮೇಲೆ ಅರ್ಧ ಗಂಟೆ ಮಾತು. ಎಂಟೂವರೆಗೆ ಬಾಗಿಲು ತೆರೆಯಬೇಕು. ಯಾಕೆಂದರೆ ಆದಿತ್ಯವಾರ ನಮ್ಮ ಬಸ್ಸುಗಳು ಅರ್ಧ ಟ್ರಿಪ್ ಕಟ್ ಮಾಡುತ್ತವೆ. ಒಂಬತ್ತು ಕಳೆದರೆ ಸ್ಟೇಟ್‌ಬ್ಯಾಂಕಿನಲ್ಲಿ ನಿಂತವರಿಗೆ ಮುಡಿಪು, ಬಜಪೆ, ಸುರತ್ಕಲ್ ಕಡೆ ಹೋಗಲು ಸಿಗುವುದು ರಿಕ್ಷಾ ಮಾತ್ರ. ಅದರ ಬಾಡಿಗೆಯಲ್ಲಿ ಮಾಲಿನಲ್ಲಿ ಇಬ್ಬರು ಪಿಕ್ಚರ್ ನೋಡಿ ಬರಬಹುದು.