ಉಳಿತಾಯದ ಗಂಟು: ಸಾಗಿಸುವುದು ಬೇರೆ, ಬಿಚ್ಚುವುದು ಬೇರೆ

ಈಚೆಗೆ ಒಂದು ಸಂಜೆ ಡೊಂಬಿವಲಿಯ ವಾಚಕರೊಬ್ಬರು ನಮ್ಮ ಕಚೇರಿಯ ಮೆಟ್ಟಿಲೇರಿ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಕೋಟೆ ಭಾಗದ ಒಂದು ಪೇಢಿಯಲ್ಲಿ ಗುಮಾಸ್ತೆಯಾಗಿರುವ ಇವರು, ಊರಿನ ಜಾಗದ ಪಾಲಿನಿಂದ ಬಂದ ಎರಡು ಲಕ್ಷ ರೂಪಾಯಿಗಳನ್ನು ಎಂಟು ತಿಂಗಳ ಹಿಂದೆ ಮೊಬೈಲಿನ ಒಂದು ಆಪ್ ಮುಖಾಂತರ ಮ್ಯೂಚುವಲ್ ಫಂಡಿನಲ್ಲಿ ತೊಡಗಿಸಿದ್ದರು. ಅದು ಈಗ 2,20,000 ರೂಪಾಯಿಗಳಾಗಿದೆ. ಮಗಳ ಕಾಲೇಜು ಶಿಕ್ಷಣಕ್ಕೆಂದು ತೆಗೆದಿಟ್ಟ ಹಣವದು. ಆ ಆಪಿನ ವ್ಯವಹಾರ ಮನಸ್ಸಿಗೆ ಬಾರದೆ, ಸ್ನೇಹಿತರು ಹೇಳಿದ ಇನ್ನೊಂದಕ್ಕೆ ಹೋಗಬೇಕೆಂಬ ಇಚ್ಛೆ ಅವರಿಗೆ. “ಇಲ್ಲಿ ಎಲ್ಲವನ್ನೂ ಮಾರಿ, ಅಲ್ಲಿ ಮತ್ತೆ ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ, ಸರಿಯಷ್ಟೆ?” ಎಂದು ಕೇಳಿದರು.

ಸರಿಯಲ್ಲವೆಂದು ಹೇಳಿ, ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿ ತೋರಿಸಿದೆ. ಅವರ ಫಂಡಿನಲ್ಲಿ ಒಂದು ವರ್ಷದೊಳಗೆ ಹೊರಬಿದ್ದರೆ ನೂರಕ್ಕೆ ಒಂದರಂತೆ ನಿರ್ಗಮನ ಶುಲ್ಕ. ಅಂದರೆ 2,200 ರೂಪಾಯಿ. ಉಳಿದ 17,800 ರೂಪಾಯಿ ಲಾಭದ ಮೇಲೆ ಅಲ್ಪಾವಧಿ ತೆರಿಗೆ. ಶೇರುಗಳಲ್ಲಿ ಹಣ ಹೂಡುವ ಫಂಡುಗಳಿಗೆ ಇದು 2024ರ ಜುಲೈ 23ರಿಂದ ನೂರಕ್ಕೆ 20 ಆಗಿದೆ. ಇವರ ವರಮಾನ ತೆರಿಗೆಯ ಆರಂಭದ ಮಿತಿಯನ್ನು ದಾಟಿದ್ದರಿಂದ 3,560 ರೂಪಾಯಿ, ಅದರ ಮೇಲೆ ನೂರಕ್ಕೆ ನಾಲ್ಕರ ಸೆಸ್. ಒಟ್ಟಿನಲ್ಲಿ ಆರು ಸಾವಿರಕ್ಕೆ ನೂರೇ ರೂಪಾಯಿ ಕಡಿಮೆ. ಅಲ್ಲದೆ ಹೊಸದಾಗಿ ಕೊಂಡ ಯೂನಿಟುಗಳಿಗೆ ಒಂದು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಆರಂಭ. ಗಂಟನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಬೇಕಾಗಿತ್ತು. ಇವರು ನಡುಬೀದಿಯಲ್ಲಿ ಬಿಚ್ಚಲು ಹೊರಟಿದ್ದರು.

ಇಂಥ ಪ್ರಶ್ನೆ ಅವರೊಬ್ಬರದೇ ಅಲ್ಲವೆಂದು ತಿಳಿದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮಾಣಿ ಬದಲಾದರೆ ಅಡುಗೆ ಬದಲಾಗದು

ಹೊಟೇಲಿನವರಿಗೆ ಹೊಟೇಲಿನ ಮಾತಿನಲ್ಲೇ ಹೇಳುವುದಾದರೆ, ಆಪ್ ಎಂಬುದು ಮೇಜಿನ ಬಳಿ ಬಂದು ನಿಲ್ಲುವ ಮಾಣಿಯಿದ್ದಂತೆ. ಅಡುಗೆ ಇರುವುದು ಒಳಗಿನ ಅಡುಗೆಮನೆಯಲ್ಲಿ. ಮ್ಯೂಚುವಲ್ ಫಂಡಿನ ಯೂನಿಟುಗಳು ಸಾಮಾನ್ಯವಾಗಿ ಫಂಡ್ ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಫೋಲಿಯೋ ಎಂಬ ಸಂಖ್ಯೆಯಡಿ ನಿಮ್ಮ ಹೆಸರಿನಲ್ಲಿರುತ್ತವೆ. ಆ ಪುಸ್ತಕಗಳನ್ನು ಇಡುವವರು ಕ್ಯಾಮ್ಸ್, ಕೆಫಿನ್‌ಟೆಕ್ ಮುಂತಾದ ರಿಜಿಸ್ಟ್ರಾರರು. ಶೇರುಗಳಾದರೋ 1996ರಲ್ಲಿ ಸ್ಥಾಪನೆಯಾದ ಎನ್‌ಎಸ್‌ಡಿಎಲ್ ಅಥವಾ 1999ರಲ್ಲಿ ಕಾರ್ಯಾರಂಭ ಮಾಡಿದ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಗಳಲ್ಲಿ ಭದ್ರವಾಗಿರುತ್ತವೆ. ಮಾಣಿಯ ಮೇಲೆ ಸಿಟ್ಟಾಗಿ ತಟ್ಟೆಯ ಊಟವನ್ನು ಚೆಲ್ಲುವ ಗಿರಾಕಿ ಉಂಟೇ?

ಆದುದರಿಂದ ಫೋಲಿಯೋ ರೂಪದಲ್ಲಿರುವ ಫಂಡುಗಳನ್ನು ಎಲ್ಲಿಗೂ ಸಾಗಿಸಬೇಕಾಗಿಯೇ ಇಲ್ಲ. ಹಳೆಯ ಆಪನ್ನು ಬಿಟ್ಟರೂ, ಫಂಡ್ ಸಂಸ್ಥೆಯ ಅಥವಾ ರಿಜಿಸ್ಟ್ರಾರರ ಕಚೇರಿಯಲ್ಲಿ ನಿಮ್ಮ ಹಣ ನಿಮಗೆ ಸಿಕ್ಕುತ್ತದೆ. ಹಳೆಯ ಆಪಿನ ಮುಖಾಂತರ ಪ್ರತಿ ತಿಂಗಳು ಬ್ಯಾಂಕಿನಿಂದ ಕಂತು ಹೋಗುತ್ತಿದ್ದರೆ ಅದನ್ನು ನಿಲ್ಲಿಸಿ, ಹೊಸದರಲ್ಲಿ ಆರಂಭಿಸಿದರೆ ಸಾಕು. ಎರಡೂ ಕಡೆ ಕಂತು ಕಡಿಯದಂತೆ ಎಚ್ಚರವಿರಲಿ.

ರೆಗ್ಯುಲರೋ, ಡೈರೆಕ್ಟೋ?

ಇಲ್ಲಿ ಒಂದು ಸೂಕ್ಷ್ಮವಿದೆ. 2013ರ ಜನವರಿಯಿಂದ ಪ್ರತಿಯೊಂದು ಫಂಡಿಗೂ ‘ಡೈರೆಕ್ಟ್’ ಎಂಬ ದಳ್ಳಾಳಿಯಿಲ್ಲದ ಯೋಜನೆ ಇದೆ. ‘ರೆಗ್ಯುಲರ್’ ಯೋಜನೆಯಲ್ಲಿ ದಳ್ಳಾಳಿಯ ಪಾಲು ವರ್ಷವರ್ಷವೂ ಸದ್ದಿಲ್ಲದೆ ಕಳೆದುಹೋಗುತ್ತದೆ. ಹೀಗಾಗಿ ಡೈರೆಕ್ಟಿಗೆ ಹೋಗುವ ವಿಚಾರ ಒಳ್ಳೆಯದೇ. ಆದರೆ ಒಂದೇ ಫಂಡಿನೊಳಗೆ ರೆಗ್ಯುಲರಿನಿಂದ ಡೈರೆಕ್ಟಿಗೆ ಬದಲಾಯಿಸಿದರೂ ತೆರಿಗೆಯ ಕಾನೂನಿನ ಕಣ್ಣಿಗೆ ಅದು ಮಾರಾಟವೇ ಸರಿ.

ಇದಕ್ಕೆ ತಾಳ್ಮೆಯ ದಾರಿಯೊಂದಿದೆ. ಹೊಸ ಕಂತುಗಳನ್ನು ಡೈರೆಕ್ಟಿನಲ್ಲಿ ಆರಂಭಿಸಿರಿ. ಹಳೆಯ ಯೂನಿಟುಗಳು ಒಂದು ವರ್ಷ ದಾಟುವವರೆಗೆ ಅವು ಇದ್ದಲ್ಲಿಯೇ ಇರಲಿ. ವರ್ಷ ದಾಟಿದ ಮೇಲೆ ಹೆಚ್ಚಿನ ಶೇರು ಫಂಡುಗಳಲ್ಲಿ ನಿರ್ಗಮನ ಶುಲ್ಕವಿರದು. ಆದರೂ ನಿಮ್ಮ ಫಂಡಿನ ನಿಯಮವನ್ನು ಓದಿ ನೋಡತಕ್ಕದ್ದು. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1,25,000 ರೂಪಾಯಿಗಳವರೆಗೆ ತೆರಿಗೆಯಿಲ್ಲ. ಅದಕ್ಕೆ ಮೇಲ್ಪಟ್ಟದ್ದಕ್ಕೆ ನೂರಕ್ಕೆ 12.5. ಲಾಭವು ಈ ಮಿತಿಯೊಳಗಿರುವಂತೆ ವರ್ಷಕ್ಕಿಷ್ಟೆಂದು ಬದಲಾಯಿಸುತ್ತ ಬಂದರೆ ಸಾಮಾನ್ಯ ಗುಮಾಸ್ತೆಗೆ ತೆರಿಗೆಯ ಭಾರವೇ ಬೀಳದು. ತೆರಿಗೆ ಉಳಿತಾಯದ ಇಎಲ್‌ಎಸ್‌ಎಸ್ ಫಂಡುಗಳಲ್ಲಿ ಪ್ರತಿ ಕಂತಿಗೂ ಪ್ರತ್ಯೇಕವಾಗಿ ಮೂರು ವರ್ಷದ ಬೀಗವಿದೆ ಎಂಬುದನ್ನೂ ಮರೆಯಬಾರದು.

ಶೇರುಗಳ ವರ್ಗಾವಣೆ

ಶೇರುಗಳನ್ನು ಒಬ್ಬ ಬ್ರೋಕರರಿಂದ ಇನ್ನೊಬ್ಬರಲ್ಲಿಗೆ ಒಯ್ಯುವುದಕ್ಕೂ ಮಾರಬೇಕಾಗಿಲ್ಲ. ಡಿಮ್ಯಾಟ್ ಖಾತೆಯಲ್ಲಿರುವ ಎಲ್ಲ ಶೇರುಗಳನ್ನೂ ತನ್ನದೇ ಇನ್ನೊಂದು ಡಿಮ್ಯಾಟ್ ಖಾತೆಗೆ ಒಯ್ಯುವವನಿಂದ ವರ್ಗಾವಣೆಯ ಶುಲ್ಕವನ್ನು ತೆಗೆದುಕೊಳ್ಳಕೂಡದೆಂದು ಸೆಬಿ 2005ರ ನವೆಂಬರಿನಲ್ಲಿಯೇ ಆಜ್ಞೆ ಮಾಡಿದೆ. 2006ರ ಜನವರಿ 9ರಿಂದ ಅದು ಜಾರಿಗೆ ಬಂದಿತು. ಒಂದು ಷರತ್ತುಂಟು: ಎರಡೂ ಖಾತೆಗಳ ಹೆಸರುಗಳು ಒಂದೇ ಆಗಿರಬೇಕು. ಗಂಡ ಹೆಂಡಿರ ಜಂಟಿ ಖಾತೆಯಿಂದ ಗಂಡನೊಬ್ಬನ ಖಾತೆಗೆ ಒಯ್ದರೆ ಈ ವಿನಾಯಿತಿ ದೊರೆಯದು.

ಕ್ರಮವು ಹೀಗೆ. ಮೊದಲು ಹೊಸ ಖಾತೆಯನ್ನು ತೆರೆದು, ಅಲ್ಲಿಂದ ‘ಕ್ಲಯಂಟ್ ಮಾಸ್ಟರ್ ರಿಪೋರ್ಟ್’ ಎಂಬ ಹಾಳೆಯನ್ನು ಪಡೆಯಬೇಕು. ಹಳೆಯ ಬ್ರೋಕರರಿಗೆ ಸಲ್ಲಬೇಕಾದ ಬಾಕಿಯನ್ನು ತೀರಿಸಿ, ಒತ್ತೆಯಿಟ್ಟ ಶೇರುಗಳನ್ನು ಬಿಡಿಸಿಕೊಳ್ಳಬೇಕು. ಆಮೇಲೆ ‘ಖಾತೆ ಮುಕ್ತಾಯ ಹಾಗೂ ವರ್ಗಾವಣೆ’ಯ ಅರ್ಜಿಯನ್ನು ತುಂಬಿ, ಆ ಹಾಳೆಯೊಡನೆ ಹಳೆಯ ಬ್ರೋಕರರಿಗೆ ಕೊಟ್ಟು ರಸೀದಿ ಪಡೆಯಬೇಕು. ಹೊಸ ಖಾತೆಯ ಹದಿನಾರು ಅಕ್ಷರಗಳ ಸಂಖ್ಯೆಯನ್ನು ಎರಡೆರಡು ಸಲ ತಾಳೆ ನೋಡಬೇಕು. ಈ ವರ್ಗಾವಣೆಯು ಮಾರಾಟವಲ್ಲವಾದುದರಿಂದ ತೆರಿಗೆಯಿಲ್ಲ. ಮೂಲದಲ್ಲಿ ಕೊಂಡ ತಾರೀಕು, ಕೊಂಡ ಬೆಲೆಗಳೇ ಮುಂದುವರಿಯುತ್ತವೆ. ಹೊಸ ಬ್ರೋಕರರ ಪುಸ್ತಕದಲ್ಲಿ ಆ ಬೆಲೆ ತಾನಾಗಿ ಕಾಣಿಸದೆ ಇರಬಹುದು. ಅದಕ್ಕಾಗಿ ಹಳೆಯ ಖಾತೆ ಮುಚ್ಚುವ ಮುನ್ನ ಎಲ್ಲ ವರ್ಷಗಳ ಲೆಕ್ಕಪತ್ರಗಳನ್ನು ತೆಗೆದಿಟ್ಟುಕೊಳ್ಳುವುದು ಜಾಣತನ. ಖಾತೆಯನ್ನು ಮುಚ್ಚದೆ ಮರೆತುಬಿಟ್ಟರೆ ವರ್ಷದ ನಿರ್ವಹಣಾ ಶುಲ್ಕ ಬೆಳೆಯುತ್ತ ಹೋದೀತು.

ನಾನು ಹಾಕಿದ ಒಂದು ಸಹಿ

ಇದುವರೆಗಿನದು ಗುಮಾಸ್ತರ ಮಾತಾಯಿತು. ಹೊಟೇಲು ಕೆಲಸಗಾರ ಬಂಧುಗಳ ದೊಡ್ಡ ಉಳಿತಾಯ ಪ್ರಾವಿಡೆಂಟ್ ಫಂಡಿನಲ್ಲಿದೆ. ಇಪ್ಪತ್ತು ಜನರಿಗೆ ಕಡಿಮೆಯಿಲ್ಲದೆ ಕೆಲಸ ಮಾಡುವ ಹೊಟೇಲುಗಳಿಗೆ ಅದು ಕಡ್ಡಾಯ. ನಮ್ಮವರಲ್ಲಿ ಹೊಟೇಲು ಬದಲಿಸುವುದೆಂದರೆ ಅಂಗಿ ಬದಲಿಸಿದಷ್ಟೇ ಸುಲಭ. ಮಳೆಗಾಲಕ್ಕೆ ಊರಿಗೆ ಹೋಗುವುದು, ಗದ್ದೆ ಕೆಲಸ ಮುಗಿಸಿ ಬಂದು ಬೇರೆ ಧಣಿಗಳ ಅಡುಗೆಮನೆ ಸೇರುವುದು. ಹೋಗುವಾಗ ಫಂಡಿನ ಹಣ ತೆಗೆದುಕೊಂಡೇ ಹೋಗಬೇಕೆಂಬ ರೂಢಿ.

ನಾನು ಹೊಟೇಲು ನಡೆಸುತ್ತಿದ್ದ ಕಾಲದಲ್ಲಿ ಕುಂದಾಪುರ ಕಡೆಯ ಒಬ್ಬ ಅಡುಗೆಯವರು ಮೂರು ವರ್ಷ ನಮ್ಮಲ್ಲಿದ್ದು ಬಿಟ್ಟರು. ಅದಕ್ಕೆ ಮುನ್ನ ಇನ್ನೊಂದು ಕಡೆ ನಾಲ್ಕು ವರ್ಷ ದುಡಿದು, ಅಲ್ಲಿಯ ಹಣವನ್ನೆಲ್ಲ ತೆಗೆದಿದ್ದರು. ನಮ್ಮಲ್ಲಿಯೂ ಅರ್ಜಿ ತಂದುಕೊಟ್ಟರು. ಗಲ್ಲೆಯಲ್ಲಿ ಗಿರಾಕಿಗಳ ಗದ್ದಲ. ಒಂದು ಮಾತೂ ಕೇಳದೆ ನಾನು ಸಹಿ ಹಾಕಿದೆ. ಮುಂದೆ ಅವರು ಮೂರನೆಯ ಕಡೆ ಆರು ವರ್ಷ ದುಡಿದು, ಐವತ್ತೆಂಟು ತುಂಬಿದಾಗ ಪೆನ್ಶನ್ ಎಷ್ಟು ಬರಬಹುದೆಂದು ನನ್ನನ್ನೇ ಕೇಳಿಕೊಂಡು ಬಂದರು. ಮಾಸಿಕ ಪೆನ್ಶನಿಗೆ ಹತ್ತು ವರ್ಷದ ಸೇವೆ ಬೇಕು. ದುಡಿದದ್ದು ಹದಿಮೂರು ವರ್ಷ. ಆದರೆ ಪೆನ್ಶನಿನ ಪಾಲನ್ನು ಎರಡು ಸಲ ತೆಗೆದದ್ದರಿಂದ ಏಳು ವರ್ಷ ಅಳಿಸಿಹೋಗಿ, ಲೆಕ್ಕಕ್ಕೆ ಉಳಿದದ್ದು ಆರೇ. “ಆಗ ಯಾರೂ ಹೇಳಲಿಲ್ಲ, ಧಣಿ” ಎಂದರು. ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬ. ತಲೆ ತಗ್ಗಿಸುವುದರ ಹೊರತು ಬೇರೇನೂ ಮಾಡಲು ಉಳಿದಿರಲಿಲ್ಲ.

ಈಗ ದಾರಿ ಸುಗಮವಾಗಿದೆ. 2014ರಿಂದ ಪ್ರತಿ ಕೆಲಸಗಾರನಿಗೂ ಯುಎಎನ್ ಎಂಬ ಹನ್ನೆರಡು ಅಂಕೆಗಳ ಒಂದೇ ಸಂಖ್ಯೆ. ಎಷ್ಟು ಹೊಟೇಲು ಬದಲಿಸಿದರೂ ಅದು ಬದಲಾಗದು. ಹೊಸ ಧಣಿಗಳಿಗೆ ಅದೇ ಸಂಖ್ಯೆಯನ್ನು ಕೊಟ್ಟು, ಹಳೆಯ ಹಣವನ್ನು ಹೊಸ ಖಾತೆಗೆ ವರ್ಗಾಯಿಸಿಕೊಳ್ಳಬೇಕು. ಇದಕ್ಕೆ ಶುಲ್ಕವಿಲ್ಲ. ಆಧಾರ್ ಜೋಡಣೆ ಸರಿಯಾಗಿರುವ ಅನೇಕ ಸಂದರ್ಭಗಳಲ್ಲಿ 2025ರ ಜನವರಿಯಿಂದ ಧಣಿಗಳ ಅನುಮೋದನೆಯೂ ಬೇಕಿಲ್ಲ. ಹಳೆಯ ಹೊಟೇಲಿನವರು ಕೆಲಸ ಬಿಟ್ಟ ತಾರೀಕನ್ನು ದಾಖಲಿಸಿದ್ದಾರೆಯೇ, ಆಧಾರಿನಲ್ಲಿರುವ ಹೆಸರು ಹಾಗೂ ಜನ್ಮದಿನ ಫಂಡಿನ ದಾಖಲೆಗೆ ಹೊಂದುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ವರ್ಗಾಯಿಸಿದರೆ ಹಿಂದಿನ ಸೇವೆಯೂ ಮುಂದಿನದಕ್ಕೆ ಕೂಡುತ್ತದೆ. ಐದು ವರ್ಷದ ಅಖಂಡ ಸೇವೆಯಾಗುವ ಮುನ್ನ ಹಣ ತೆಗೆದರೆ, ಮೊತ್ತ 50,000 ರೂಪಾಯಿ ಮುಟ್ಟಿದಲ್ಲಿ, ಪ್ಯಾನ್ ಕೊಟ್ಟವರಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಮೊದಲೇ ಕಡಿತವಾಗುತ್ತದೆ. ಊರಿಗೆ ಹೋಗಿ ಕೆಲಕಾಲ ನಿಲ್ಲುವವರೂ ಪೆನ್ಶನಿನ ಪಾಲನ್ನು ತೆಗೆಯದೆ ‘ಸ್ಕೀಮ್ ಸರ್ಟಿಫಿಕೇಟ್’ ಪಡೆದಿಟ್ಟರೆ, ಹಿಂದಿನ ಸೇವೆ ಅಳಿಯದೆ ಉಳಿಯುತ್ತದೆ.

ಪಿಪಿಎಫ್ ಖಾತೆಗೂ ಇದೇ ನೀತಿ. ಅಂಚೆ ಕಚೇರಿಯಿಂದ ಬ್ಯಾಂಕಿಗಾಗಲಿ, ಒಂದು ಬ್ಯಾಂಕಿನಿಂದ ಇನ್ನೊಂದಕ್ಕಾಗಲಿ ವರ್ಗಾಯಿಸಿದರೆ ಅದನ್ನು ಹಳೆಯ ಖಾತೆಯೆಂದೇ ಪರಿಗಣಿಸುತ್ತಾರೆ. ಹದಿನೈದು ವರ್ಷದ ಗಡುವು ಮೊದಲಿನಿಂದ ಎಣಿಕೆಯಾಗುವುದಿಲ್ಲ.

ಕೊನೆಯ ಎಚ್ಚರಿಕೆ

“ನಿಮ್ಮ ಹಣವನ್ನು ನಾವೇ ವರ್ಗಾಯಿಸಿ ಕೊಡುತ್ತೇವೆ” ಎಂದು ಫೋನಿನಲ್ಲಿ ನಯವಾಗಿ ಮಾತಾಡುವವರಿಗೆ ಒಟಿಪಿಯನ್ನಾಗಲಿ, ಸಹಿ ಹಾಕಿದ ಖಾಲಿ ಸ್ಲಿಪ್ಪನ್ನಾಗಲಿ ಕೊಡಬೇಡಿರಿ. ಬ್ರೋಕರರು ಅಥವಾ ಫಂಡಿನವರು ವಿನಾ ಕಾರಣ ವಿಳಂಬ ಮಾಡಿದರೆ ಸೆಬಿಯ ‘ಸ್ಕೋರ್ಸ್’ ದೂರು ವ್ಯವಸ್ಥೆಗೆ ಬರೆಯಬಹುದು. ಅವರು 21 ದಿನಗಳೊಳಗೆ ಉತ್ತರಿಸಬೇಕೆಂಬ ನಿಯಮವಿದೆ. ಪ್ರಾವಿಡೆಂಟ್ ಫಂಡಿನ ಕಚೇರಿಗೂ ಪ್ರತ್ಯೇಕ ದೂರು ವ್ಯವಸ್ಥೆಯಿದೆ.

ಡೊಂಬಿವಲಿಯ ಆ ಸ್ನೇಹಿತರು ಮಾರಾಟದ ವಿಚಾರ ಬಿಟ್ಟು, ಇನ್ನು ನಾಲ್ಕು ತಿಂಗಳು ಕಾಯುವುದೆಂದು ಹೇಳಿ ಹೋದರು. ಹೊಟೇಲುಗಳ ಧಣಿಗಳಲ್ಲಿ ನನ್ನದೊಂದು ವಿನಂತಿ: ಕೆಲಸ ಬಿಟ್ಟು ಹೋಗುವವನು ಅರ್ಜಿ ಹಿಡಿದು ಬಂದಾಗ, ಗಲ್ಲೆಯಿಂದ ಎದ್ದು ಐದು ನಿಮಿಷ ಅವನೊಡನೆ ಕುಳಿತು ಈ ವಿಷಯವನ್ನು ತಿಳಿಸಿರಿ. ನಾನು ಅಂದು ಉಳಿಸಿದ ಐದು ನಿಮಿಷಕ್ಕೆ ಬೆಲೆ ತೆತ್ತವರು ನಾನಲ್ಲ.